52 ಕೆ.ಜಿ.ಯ ನಾನು, 180 ಕೆ.ಜಿ.ಯ ಬೈಕು

ಬೈಕು ಕೊಂಡ ಮೊದಲ ಎರಡು ವರ್ಷ ನಾನು ಒಬ್ಬಳೇ ಅದನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿದ್ದೇ ಇಲ್ಲ. ಹಾಕಲು ನೋಡಿದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಓಡಿಸುವುದರಲ್ಲಿ ಯಾವ ತೊಂದರೆಯೂ ಇರಲಿಲ್ಲ. ಆದರೆ ಚೈನಿಗೆ ಎಣ್ಣೆ ಬಿಡಬೇಕು ಅಂದರೆ ಹಿಂದಿನ ಚಕ್ರ ನೆಲದಿಂದ ಮೇಲೆದ್ದು ತಿರುಗುವಂತಿರಬೇಕು, ಅದಕ್ಕೆ ಸೆಂಟರ್ ಸ್ಟ್ಯಾಂಡೇ ಬೇಕು. ಹಾಗಾಗಿ ಯಾರಾದರೂ ಸಿಗುವವರೆಗೆ ಕಾಯುತ್ತಿದ್ದೆ. ಬಂದವರು "ಬಿಡಿ, ನಾನು ಹಾಕ್ತೀನಿ" ಎಂದು ಒಂದೇ ಏಟಿಗೆ ಎತ್ತಿ ನಿಲ್ಲಿಸಿ ಹೋಗುತ್ತಿದ್ದರು. ಅವರಲ್ಲಿ ಕೆಲವರು ನನಗಿಂತ ತೆಳ್ಳಗಿದ್ದರು. ಅದೇ ನನಗೆ ಮೊದಲು ಅನುಮಾನ ಹುಟ್ಟಿಸಿದ್ದು.

ನಾನು ಮಾಡುತ್ತಿದ್ದುದು ಇಷ್ಟು. ಎಡಗಡೆ ನಿಂತು, ಎಡಗೈಯಲ್ಲಿ ಹ್ಯಾಂಡಲ್ ಹಿಡಿದು, ಬಲಗೈಯಲ್ಲಿ ಸೀಟಿನ ಹಿಂದಿನ ಕಂಬಿ ಹಿಡಿದು, ಸ್ಟ್ಯಾಂಡಿನ ಮೇಲೆ ಕಾಲಿಟ್ಟು, ಹಲ್ಲು ಕಚ್ಚಿ ಎರಡೂ ಕೈಯಿಂದ ಹಿಂದಕ್ಕೆ ಮೇಲಕ್ಕೆ ಎಳೆಯುವುದು. ಬೈಕು ಒಂದು ಅಂಗುಲ ಏಳುತ್ತಿತ್ತು, ಮತ್ತೆ ಕೂರುತ್ತಿತ್ತು. ಮರುದಿನ ಸೊಂಟ ಹಿಡಿದುಕೊಳ್ಳುತ್ತಿತ್ತು. ಜಿಮ್ಮಿಗೆ ಹೋಗಬೇಕೇನೋ ಅಂತಲೂ ಯೋಚಿಸಿದ್ದೆ.

ಒಂದು ಸಂಜೆ ಹೀಗೇ ಎಳೆಯುತ್ತಿದ್ದಾಗ ಬೈಕು ನೆಟ್ಟಗಾಗಿ, ಅಲ್ಲಿ ನಿಲ್ಲದೆ, ಬಲಕ್ಕೆ ವಾಲಿತು. ನಾನು ಇದ್ದದ್ದು ಎಡಗಡೆ. ತನ್ನ ಕಡೆ ವಾಲಿದ ಬೈಕನ್ನು ಸೊಂಟ ಕೊಟ್ಟು ತಡೆಯಬಹುದು. ಆಚೆ ಕಡೆ ಹೊರಟ ಬೈಕನ್ನು ಏನು ಮಾಡಿದರೂ ತಡೆಯಲಾಗುವುದಿಲ್ಲ. ಒಂದು ಕ್ಷಣ ಹಿಡಿದಿದ್ದೆ, ಆಮೇಲೆ ಬಿಟ್ಟೆ. ಬಿಟ್ಟಿದ್ದೇ ಒಳ್ಳೆಯದಾಯಿತು, ಹಿಡಿದಿದ್ದರೆ ನಾನೂ ಅದರ ಮೇಲೆ ಹೋಗಿ ಬೀಳುತ್ತಿದ್ದೆ. ಬ್ರೇಕ್ ಲಿವರಿನ ತುದಿ ಮುರಿಯಿತು, ಕನ್ನಡಿ ತಿರುಗಿತು. ಪೆಟ್ರೋಲ್ ವಾಸನೆ ಬಂತು.

ಎತ್ತಿದ್ದು ಹೇಗೆ ಅನ್ನುವುದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಸ್ಟ್ಯಾಂಡಿನ ಗುಟ್ಟು ನನಗೆ ಅರ್ಥವಾಗಿದ್ದು ಅಲ್ಲೇ. ಬೈಕು ಬಲಕ್ಕೆ ಬಿದ್ದಿದ್ದರಿಂದ ಸೈಡ್ ಸ್ಟ್ಯಾಂಡ್ ಮೇಲುಗಡೆ ಇತ್ತು. ಮೊದಲು ಅದನ್ನು ಪೂರ್ತಿ ಬಿಚ್ಚಿಟ್ಟೆ. ಎತ್ತಿದ ಮೇಲೆ ಆಚೆ ಕಡೆಗೆ ಮಗುಚಿದರೆ ಹಿಡಿಯಲು ಅದೊಂದೇ ಗತಿ. ಉರುಳದಿರಲಿ ಎಂದು ಗೇರನ್ನು ಒಂದಕ್ಕೆ ಹಾಕಿದೆ. ಆಮೇಲೆ ಬೈಕಿಗೆ ಬೆನ್ನು ಮಾಡಿ, ಸೀಟಿನ ಅಂಚಿಗೆ ಕುಂಡೆ ಒತ್ತಿ ಕುಕ್ಕರಗಾಲಲ್ಲಿ ಕೂತೆ. ಒಂದು ಕೈ ಹ್ಯಾಂಡಲಿಗೆ, ಇನ್ನೊಂದು ಹಿಂದಿನ ಕಂಬಿಗೆ. ಕೈ ನೆಟ್ಟಗೆ, ಬೆನ್ನೂ ನೆಟ್ಟಗೆ. ಕಾಲಿಂದ ಮಾತ್ರ ಹಿಂದಕ್ಕೆ ಒತ್ತುತ್ತಾ ಚಿಕ್ಕ ಚಿಕ್ಕ ಹೆಜ್ಜೆ ಇಟ್ಟೆ. ಎದ್ದೇ ಬಿಟ್ಟಿತು! 180 ಕೆ.ಜಿ. ಬೈಕು, ನನ್ನ 52 ಕೆ.ಜಿ. ಮೈಯಿಂದ. ಕೈಯಲ್ಲಿ ಎಳೆದದ್ದು ಏನೂ ಇಲ್ಲ. ಸೈಡ್ ಸ್ಟ್ಯಾಂಡಿಗೆ ಮೆಲ್ಲಗೆ ಇಳಿಸಿ, ನೆಲದ ಮೇಲೆ ಪೆಟ್ರೋಲ್ ಸೋರಿದೆಯಾ ನೋಡಿ, ಸ್ವಲ್ಪ ಹೊತ್ತು ಸುಮ್ನೆ ಪಕ್ಕದಲ್ಲಿ ಕೂತಿದ್ದೆ.

ಮರುದಿನ ನೆಲದ ಮೇಲೆ ಮಲಗಿ ಸೆಂಟರ್ ಸ್ಟ್ಯಾಂಡನ್ನು ಸರಿಯಾಗಿ ನೋಡಿದೆ. ಎರಡು ವರ್ಷದಲ್ಲಿ ಅದೇ ಮೊದಲು. ಮಡಚಿದಾಗ ಅದರ ಎರಡು ಕಾಲು ಹಿಂದಕ್ಕೆ ಚಾಚಿರುತ್ತವೆ. ಕೆಳಗೆ ತುಳಿದರೆ ಅವು ಕೆಳಕ್ಕೆ, ಮುಂದಕ್ಕೆ ಬಂದು ನೆಲ ಮುಟ್ಟುತ್ತವೆ. ಆಗ ಸ್ಟ್ಯಾಂಡಿನ ಕೀಲು ಆ ಕಾಲುಗಳಿಗಿಂತ ಸ್ವಲ್ಪ ಮುಂದಿರುತ್ತದೆ. ಬೈಕು ಹಿಂದಕ್ಕೆ ಉರುಳಿ, ಆ ಕೀಲು ಕಾಲುಗಳ ನೆತ್ತಿಯ ಮೇಲೆ ಹಾದು, ಸ್ವಲ್ಪವೇ ಹಿಂದಕ್ಕೆ ಹೋಗಿ ಕೂರಬೇಕು. ಕೊನೆಗೆ ಕೇಳಿಸುವ "ಧಡ್" ಅದೇ. ಅಂದರೆ ಬೈಕನ್ನು ಎತ್ತಿ ಇಡುವುದಲ್ಲ, ಒಂದು ಸಣ್ಣ ಗುಡ್ಡ ಹತ್ತಿಸಿ ಆಚೆ ಇಳಿಸುವುದು. ಹತ್ತಿಸುವ ಸನ್ನೆಕೋಲು ನಮ್ಮ ಕಾಲ ಕೆಳಗೇ ಇದೆ, ಅದೇ ಸ್ಟ್ಯಾಂಡಿನಿಂದ ಹೊರಗೆ ಚಾಚಿದ ಆ ಚಿಕ್ಕ ಕಂಬಿ. ನಾನು ಅದನ್ನು ಬಿಟ್ಟು ಕೈಯಲ್ಲಿ ಜಗ್ಗುತ್ತಿದ್ದೆ.

ಆದರೆ ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಸ್ಟ್ಯಾಂಡಿನ ಎರಡೂ ಕಾಲು ನೆಲ ಮುಟ್ಟುವ ಮೊದಲೇ ಒತ್ತಲು ಶುರು ಮಾಡುತ್ತಿದ್ದೆ. ಸೈಡ್ ಸ್ಟ್ಯಾಂಡಿನ ಮೇಲಿದ್ದ ಬೈಕು ಎಡಕ್ಕೆ ವಾಲಿರುತ್ತದಲ್ವಾ, ಹಾಗಾಗಿ ಎಡಗಾಲು ಮಾತ್ರ ನೆಲ ಮುಟ್ಟುತ್ತದೆ, ಬಲಗಾಲು ಗಾಳಿಯಲ್ಲಿ. ಆಗ ಒತ್ತಿದರೆ ಬೈಕು ಮೇಲೇಳುವ ಬದಲು ತಿರುಚಿಕೊಳ್ಳುತ್ತದೆ.

ಈಗ ನಾನು ಮಾಡುವುದು ಹೀಗೆ. ಗೇರ್ ನ್ಯೂಟ್ರಲ್‌ನಲ್ಲಿ, ಹ್ಯಾಂಡಲ್ ನೆಟ್ಟಗೆ. ಬೈಕನ್ನು ಸೈಡ್ ಸ್ಟ್ಯಾಂಡಿನಿಂದ ಎತ್ತಿ ನೆಟ್ಟಗೆ ತರುತ್ತೇನೆ, ಆದರೆ ಕೂದಲೆಳೆಯಷ್ಟು ನನ್ನ ಸೊಂಟದ ಕಡೆಗೇ ವಾಲಿಸಿಕೊಂಡು. ಬಲ ಪಾದದಿಂದ ಕಂಬಿಯನ್ನು ಮೆತ್ತಗೆ ಕೆಳಕ್ಕೆ ತುಳಿಯುತ್ತೇನೆ. ಭಾರ ಹಾಕುವುದಿಲ್ಲ, ಸ್ಟ್ಯಾಂಡಿನ ಕಾಲು ನೆಲಕ್ಕೆ ತಾಗಿಸುವುದಷ್ಟೇ. ಒಂದು "ಟಕ್" ಕೇಳುತ್ತದೆ. ಅದು ಎಡಗಾಲು. ಬೈಕನ್ನು ಇನ್ನೊಂದು ಚೂರು ಆಚೆ ತಳ್ಳಿದರೆ ಎರಡನೇ "ಟಕ್". ಅದು ಬಲಗಾಲು. ಈ ಎರಡನೇ ಟಕ್ ಬಂದ ಮೇಲೆ ಬೈಕು ಇದ್ದಕ್ಕಿದ್ದ ಹಾಗೆ ಶಾಂತವಾಗುತ್ತದೆ. ಅತ್ತಿತ್ತ ಸಣ್ಣದಾಗಿ ಅಲ್ಲಾಡಿಸಿ ನೋಡಿ, ಟಕ್ ಟಕ್ ಟಕ್ ಅನ್ನುತ್ತದೆ. ಕಾಲ ಕೆಳಗಿನ ಕಂಬಿಯಲ್ಲೂ ಅದು ಗೊತ್ತಾಗುತ್ತದೆ. ನಾನು ಮೊದಲ ವಾರ ಬೈಕು ಎತ್ತಲೇ ಇಲ್ಲ, ಸುಮ್ನೆ ಈ ಎರಡು ಟಕ್ ಹುಡುಕುವುದನ್ನೇ ಮಾಡಿದೆ.

ಅದು ಸಿಕ್ಕಿದ ಮೇಲೆ ಉಳಿದದ್ದು ಮೆಟ್ಟಿಲು ಹತ್ತಿದ ಹಾಗೆ. ನಿಜವಾಗಿಯೂ ಮೆಟ್ಟಿಲು ಹತ್ತುವುದೇ. ಬಲ ಹಿಮ್ಮಡಿಯ ಹತ್ತಿರದ ಭಾಗ ಕಂಬಿಯ ಮೇಲೆ, ಮಂಡಿ ಮೊದಲು ಸ್ವಲ್ಪ ಬಗ್ಗಿರುತ್ತದೆ. ನಂತರ ಕಾಲು ನೆಟ್ಟಗೆ ಮಾಡುತ್ತಾ ಮೈಯ ಇಡೀ ಭಾರವನ್ನು ಆ ಕಾಲಿನ ಮೇಲೆ ಬಿಡಬೇಕು. ನಮ್ಮ ಎಡಗಾಲು ನೆಲ ಬಿಟ್ಟರೂ ಪರವಾಗಿಲ್ಲ, ನನ್ನದು ಬಿಡುತ್ತದೆ. ಬಲಗೈ ಸೀಟಿನ ಹಿಂದಿನ ಕಂಬಿಯನ್ನು ಹಿಡಿದಿರುತ್ತದೆ, ಆದರೆ ಅದರ ಕೆಲಸ ಹಿಂದಕ್ಕೆ ದಾರಿ ತೋರಿಸುವುದು ಮಾತ್ರ. ಎಡಗೈಗೆ ಹ್ಯಾಂಡಲ್ ತಿರುಗದಂತೆ ನೋಡಿಕೊಳ್ಳುವ ಕೆಲಸ. ಅಳುಕಿ ಅರ್ಧದಲ್ಲಿ ನಿಲ್ಲಿಸಬಾರದು, ಅರ್ಧದಲ್ಲೇ ಅದು ಅತಿ ಭಾರ. ಚಪ್ಪಲಿ ಹಾಕಿಕೊಂಡು ಮಾಡಬೇಡಿ. ಒಂದು ಸಲ ಮಾಡಿ, ಪಾದ ಜಾರಿ, ಕಣಕಾಲಿನ ಒಳಗಡೆ ಚರ್ಮ ಸುಲಿಸಿಕೊಂಡಿದ್ದೇನೆ. ಗಟ್ಟಿ ಅಡಿಯ ಶೂ ಬೇಕು.

ಇಷ್ಟಾದರೂ ನನ್ನ ಬೈಕು ಕಷ್ಟ ಕೊಡುತ್ತಲೇ ಇತ್ತು. ಕಾರಣ ಹುಡುಕಿದರೆ ಎರಡು ಸಿಕ್ಕವು. ಹಿಂದಿನ ಟೈರಿನಲ್ಲಿ ಗಾಳಿ ಕಮ್ಮಿ ಇತ್ತು. ಗಾಳಿ ಕಮ್ಮಿಯಾದರೆ ಬೈಕು ತಗ್ಗುತ್ತದೆ, ತಗ್ಗಿದಷ್ಟೂ ಹತ್ತಿಸಬೇಕಾದ ಗುಡ್ಡ ಎತ್ತರವಾಗುತ್ತದೆ. ಇನ್ನೊಂದು, ಸ್ಟ್ಯಾಂಡಿನ ಕೀಲು. ಅಲ್ಲಿ ಗ್ರೀಸ್ ಅನ್ನುವುದೇ ಇರಲಿಲ್ಲ, ಕೆಸರು ಒಣಗಿ ತುಕ್ಕು ಹಿಡಿದು ಸಿಮೆಂಟಿನ ಹಾಗಾಗಿತ್ತು. ಎಷ್ಟೋ ಸಲ ಸರ್ವಿಸಿಗೆ ಕೊಟ್ಟಿದ್ದೆ, ಒಬ್ಬರೂ ಅದನ್ನು ಮುಟ್ಟಿರಲಿಲ್ಲ. ತಂತಿ ಬ್ರಷ್ಷಿನಿಂದ ಉಜ್ಜಿ, ಗ್ರೀಸ್ ತುಂಬಿ, ಹತ್ತು ಸಲ ಮೇಲೆ ಕೆಳಗೆ ಆಡಿಸಿದೆ. ಆಮೇಲೆ ಅದೇ ಬೈಕು ಬೇರೆಯದೇ ಬೈಕಿನ ಹಾಗೆ ಅನ್ನಿಸಿತು. ಆಗಲೇ ಸ್ಪ್ರಿಂಗನ್ನೂ ನೋಡಿಕೊಳ್ಳಿ. ಅದು ಓಡುವಾಗ ತುಂಡಾದರೆ ಸ್ಟ್ಯಾಂಡ್ ರಸ್ತೆಗೆ ಉಜ್ಜುತ್ತದೆ.

ಕೆಟ್ಟ ದಿನಗಳಿಗೆಂದು ಒಂದು ಹಲಗೆ ಇಟ್ಟುಕೊಂಡಿದ್ದೇನೆ. ದಪ್ಪ ಸುಮಾರು 18 ಮಿಲಿಮೀಟರ್, ಉದ್ದ ಒಂದೂವರೆ ಅಡಿ. ಹಿಂದಿನ ಚಕ್ರವನ್ನು ಅದರ ಮೇಲೆ ಹತ್ತಿಸಿ, ಸ್ಟ್ಯಾಂಡಿನ ಕಾಲನ್ನು ನೆಲಕ್ಕೇ ಊರಿದರೆ ಅರ್ಧ ಕೆಲಸ ಮುಗಿದಂತೆ. ಬೈಕು ಹಿಂದಕ್ಕೆ ಸರಿಯುವುದರಿಂದ ಚಕ್ರದ ಹಿಂದೆ ಹಲಗೆ ಸಾಕಷ್ಟು ಉಳಿದಿರಬೇಕು. ತೀರಾ ದಪ್ಪ ಹಲಗೆ ಬೇಡ, ಚಕ್ರ ಅದರ ಮೇಲೇ ನಿಂತುಬಿಡುತ್ತದೆ.

ನೆಲ ಇಳಿಜಾರಾಗಿದ್ದರೆ ಬೈಕಿನ ಮೂತಿ ಏರಿನ ಕಡೆಗಿರಲಿ. ಹಿಂದಕ್ಕೆ ಉರುಳುವ ಕೆಲಸವನ್ನು ಇಳಿಜಾರೇ ಮಾಡಿಕೊಡುತ್ತದೆ. ಮೂತಿ ಇಳಿಜಾರಿನ ಕಡೆಗಿದ್ದರೆ ಹತ್ತಿಸುವುದೂ ಕಷ್ಟ, ತಾನಾಗಿ ಸ್ಟ್ಯಾಂಡಿನಿಂದ ಇಳಿದು ಹೋಗುವ ಭಯವೂ ಉಂಟು. ಸ್ಕೂಟರಿಗೂ ಎಲ್ಲ ಹೀಗೇ. ಒಂದೇ ವ್ಯತ್ಯಾಸ, ಹೆಚ್ಚಿನ ಸ್ಕೂಟರುಗಳಲ್ಲಿ ಎಡಗೈಯ ಲಿವರ್ ಕ್ಲಚ್ ಅಲ್ಲ, ಬ್ರೇಕ್. ಗೊತ್ತಿಲ್ಲದೆ ಬೆರಳು ಅದನ್ನು ಹಿಡಿದಿದ್ದರೆ ಗಾಡಿ ಹಿಂದಕ್ಕೆ ಬರುವುದೇ ಇಲ್ಲ. "ಯಾಕೋ ಇವತ್ತು ಆಗ್ತಿಲ್ಲ" ಅನ್ನುವವರ ಎಡಗೈ ಬೆರಳು ಒಮ್ಮೆ ನೋಡಿ.

ಇಳಿಸುವುದು ಸುಲಭ ಅಂತ ಎಲ್ಲರೂ ಹೇಳುತ್ತಾರೆ. ಸುಲಭ ಹೌದು, ಆದರೆ ಬೈಕು ಕೈ ತಪ್ಪುವುದು ಇಳಿಸುವಾಗಲೇ ಜಾಸ್ತಿ. ಹತ್ತಿಸುವಾಗ ನಿಧಾನ ಇರುತ್ತದೆ, ಇಳಿಸುವಾಗ ಬೈಕಿಗೆ ಓಟ ಬರುತ್ತದೆ. ನಾನು ಮೊದಲೆಲ್ಲ ಮೇಲೆ ಕೂತು ಮುಂದಕ್ಕೆ ಜೋಲಿ ಹೊಡೆದು ಇಳಿಸುತ್ತಿದ್ದೆ. ಸೆಂಟರ್ ಸ್ಟ್ಯಾಂಡಿನ ಮೇಲಿದ್ದಾಗ ಸೀಟು ಇನ್ನೂ ಎತ್ತರ. ನನ್ನ ಕಾಲಿನ ಹೆಬ್ಬೆರಳು ಮಾತ್ರ ನೆಲಕ್ಕೆ ತಾಗುತ್ತಿತ್ತು. ಎರಡು ಸಲ ವಾಲಿದ ಮೇಲೆ ಅದನ್ನು ಬಿಟ್ಟೆ. ಈಗ ಎಡಗಡೆ ನಿಂತೇ ಇಳಿಸುತ್ತೇನೆ. ಮೊದಲ ಕೆಲಸ ಸೈಡ್ ಸ್ಟ್ಯಾಂಡ್ ಪೂರ್ತಿ ಬಿಚ್ಚುವುದು. ಎರಡೂ ಕೈ ಹ್ಯಾಂಡಲಿನ ಮೇಲೆ, ಬಲಗೈಯ ಎರಡು ಬೆರಳು ಮುಂದಿನ ಬ್ರೇಕಿನ ಮೇಲೆ. ಬ್ರೇಕ್ ಒತ್ತಿರುವುದಿಲ್ಲ, ಬೆರಳು ಕಾಯುತ್ತಿರುತ್ತದೆ ಅಷ್ಟೇ. ಸೊಂಟದಿಂದ ಮುಂದಕ್ಕೆ ತಳ್ಳಿದರೆ ಹಿಂದಿನ ಚಕ್ರ "ದೊಪ್" ಎಂದು ನೆಲಕ್ಕೆ ಬರುತ್ತದೆ. ಅದೇ ಗಳಿಗೆಯಲ್ಲಿ ಬ್ರೇಕ್ ಹಿಡಿದು ಬೈಕನ್ನು ಸೊಂಟಕ್ಕೆ ಒರಗಿಸಿಕೊಳ್ಳುತ್ತೇನೆ. ಹಿಂದಿನ ಕಂಬಿ ಹಿಡಿದು ತಳ್ಳುವವರನ್ನು ನೋಡಿದ್ದೇನೆ. ತಳ್ಳಲು ಅದು ಸುಲಭ, ಆದರೆ ಬಲಗೈ ಅಲ್ಲಿದ್ದರೆ ಬ್ರೇಕ್ ಯಾರು ಹಿಡಿಯುತ್ತಾರೆ?

ಸೈಡ್ ಸ್ಟ್ಯಾಂಡಿನ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಕಾಲಿಗೆ ತಾಗಿತು ಅಂತ ನಂಬಬೇಡಿ, ಬಗ್ಗಿ ಕಣ್ಣಲ್ಲಿ ನೋಡಿ. ಹ್ಯಾಂಡಲನ್ನು ಎಡಕ್ಕೆ ಪೂರ್ತಿ ತಿರುಗಿಸಿ, ಗೇರನ್ನು ಒಂದರಲ್ಲಿಡಿ. ಬೈಕು ಮುಂದಕ್ಕೆ ಉರುಳಿದರೆ ಸೈಡ್ ಸ್ಟ್ಯಾಂಡ್ ತಾನೇ ಮಡಚಿಕೊಳ್ಳುತ್ತದೆ, ಅದಕ್ಕೇ ಗೇರು. ಮೆತ್ತನೆ ಮಣ್ಣು, ಬಿಸಿಲಿಗೆ ಕರಗಿದ ಟಾರು ಎರಡರಲ್ಲೂ ಸ್ಟ್ಯಾಂಡ್ ಮೆಲ್ಲಗೆ ಇಳಿಯುತ್ತದೆ. ನಿಲ್ಲಿಸಿದಾಗ ಸರಿಯಿರುತ್ತದೆ, ವಾಪಸ್ ಬರುವಷ್ಟರಲ್ಲಿ ಮಲಗಿರುತ್ತದೆ. ಅದಕ್ಕೆ ಅಂಗೈಯಗಲದ ಒಂದು ಚಪ್ಪಟೆ ತಗಡು ಇಟ್ಟುಕೊಂಡಿದ್ದೇನೆ. ಅದಕ್ಕೊಂದು ತೂತು, ತೂತಿಗೊಂದು ದಾರ. ದಾರದ ಇನ್ನೊಂದು ತುದಿ ಹ್ಯಾಂಡಲಿಗೆ. ಬೈಕು ಹತ್ತಿ ಕೂತ ಮೇಲೆ ದಾರ ಎಳೆದರೆ ತಗಡು ಕೈಗೆ ಬರುತ್ತದೆ, ಇಳಿದು ಬಗ್ಗಬೇಕಿಲ್ಲ.

ಆಮೇಲೆ ಕೊಂಡ ಎರಡನೇ ಬೈಕಿಗೆ ಸೆಂಟರ್ ಸ್ಟ್ಯಾಂಡೇ ಇಲ್ಲ. ಅದಕ್ಕೆ ಪ್ಯಾಡಕ್ ಸ್ಟ್ಯಾಂಡ್ ತಂದೆ, ಅಂದರೆ ಚಕ್ರವನ್ನು ನೆಲದಿಂದ ಎತ್ತಿ ಹಿಡಿಯುವ, ಬೈಕಿಗೆ ಅಂಟಿರದ ಬೇರೆಯದೇ ಸ್ಟ್ಯಾಂಡ್. ಹಿಂದಿನ ಚಕ್ರವನ್ನು ಹಿಡಿದಿರುವ ತೋಳಿನ, ಅಂದರೆ ಸ್ವಿಂಗ್‌ಆರ್ಮಿನ ಎರಡೂ ಬದಿಗೆ ಸ್ಪೂಲ್ ಅನ್ನುವ ಗುಂಡು ಬಿರಟೆಗಳನ್ನು ತಿರುಗಿಸಿ ಕೂರಿಸಬೇಕು, ಸ್ಟ್ಯಾಂಡಿನ ಕೊಕ್ಕೆ ಅವನ್ನು ಹಿಡಿದು ಎತ್ತುತ್ತದೆ. ಎತ್ತಲು ಬೆರಳಿನಷ್ಟು ಬಲ ಸಾಕು, ಅಷ್ಟು ಉದ್ದ ಹಿಡಿ ಅದಕ್ಕೆ. ಕಷ್ಟ ಬೇರೆ ಕಡೆ. ಬೈಕನ್ನು ನೆಟ್ಟಗೆ ಹಿಡಿಯಲು ಒಬ್ಬರು, ಸ್ಟ್ಯಾಂಡ್ ಕೂರಿಸಲು ಒಬ್ಬರು ಬೇಕು, ಇರುವುದು ನಾನೊಬ್ಬಳು. ಇಲ್ಲೂ ಹಲಗೆಯೇ ಕಾಪಾಡಿತು. ಸೈಡ್ ಸ್ಟ್ಯಾಂಡಿನ ಕೆಳಗೆ ಹಲಗೆ ಇಟ್ಟರೆ ಬೈಕು ಸುಮಾರು ನೆಟ್ಟಗಾಗುತ್ತದೆ, ಆದರೂ ಎಡಕ್ಕೇ ವಾಲಿರಬೇಕು. ಬೈಕಿನ ಹಿಂದೆ ಸ್ವಲ್ಪ ಎಡಕ್ಕೆ ನಿಂತು, ಎಡಗೈಯಲ್ಲಿ ಬಾಲದ ಕಂಬಿ, ಬಲಗೈಯಲ್ಲಿ ಸ್ಟ್ಯಾಂಡಿನ ಹಿಡಿ. ಮೊದಲು ಎಡಗಡೆಯ ಸ್ಪೂಲಿಗೆ ಕೊಕ್ಕೆ ಸಿಕ್ಕಿಸಿ, ಎಡಗೈಯಿಂದ ಬೈಕನ್ನು ನೆಟ್ಟಗೆ ಮಾಡುತ್ತಾ ಬಲಗಡೆಯದನ್ನು ಹುಡುಕುತ್ತೇನೆ. ಎರಡೂ ಕೂತದ್ದನ್ನು ಬಗ್ಗಿ ನೋಡಿದ ಮೇಲೆಯೇ ಹಿಡಿಯನ್ನು ನೇರ ಕೆಳಕ್ಕೆ ಒತ್ತುವುದು. ಒಂದೇ ಸ್ಪೂಲ್ ಹಿಡಿದಿರುವಾಗ ಒತ್ತಿದರೆ ಬೈಕು ಮಗುಚುತ್ತದೆ.

ಮುಂದಿನ ಪ್ಯಾಡಕ್ ಸ್ಟ್ಯಾಂಡನ್ನು ಹಿಂದಿನದು ಹಾಕದೆ ಎಂದೂ ಹಾಕುವುದಿಲ್ಲ. ಇಳಿಸುವಾಗ ಮೊದಲು ಮುಂದಿನದು, ಕೊನೆಗೆ ಹಿಂದಿನದು. ಹಿಂದಿನದನ್ನು ಇಳಿಸುವ ಮೊದಲು ಸೈಡ್ ಸ್ಟ್ಯಾಂಡ್ ಬಿಚ್ಚಿದೆಯಾ ಅಂತ ನೋಡಬೇಕು. ಒಮ್ಮೆ ಮರೆತು ಹಿಡಿಯನ್ನು ಎತ್ತಲು ಶುರು ಮಾಡಿದ್ದೆ. ಅರ್ಧ ಎತ್ತಿದಾಗ ಕಣ್ಣು ಬಿತ್ತು, ಹಾಗೇ ಮೆಲ್ಲಗೆ ವಾಪಸ್ ಒತ್ತಿದೆ. ಈಗ ಆ ಹಿಡಿಯ ಮೇಲೆ ಬಿಳಿ ಬಣ್ಣದಲ್ಲಿ "ಸೈಡ್?" ಅಂತ ಬರೆದಿದ್ದೇನೆ. ನೋಡಿದವರು ಇದೇನು ಅಂತ ಕೇಳುತ್ತಾರೆ.

ಚೈನಿಗೆ ಎಣ್ಣೆ ಬಿಡುವಾಗ ಚಕ್ರವನ್ನು ಕೈಯಲ್ಲೇ ತಿರುಗಿಸಿ, ಎಂಜಿನ್ ಆಫ್ ಇರಲಿ. ಎಂಜಿನ್ ಓಡಿಸಿ ಗೇರಿಗೆ ಹಾಕಿ ಚೈನ್ ಒರೆಸುವವರ ಬೆರಳು ಚೈನಿಗೂ ಅದು ಸುತ್ತುವ ಹಲ್ಲುಚಕ್ರಕ್ಕೂ (ಸ್ಪ್ರಾಕೆಟ್) ನಡುವೆ ಸಿಕ್ಕಿಕೊಳ್ಳಲು ಬಟ್ಟೆಯ ಒಂದು ತುದಿ ಸಾಕು.