ಹತ್ತಿ ಚಕ್ಕಡಿಯವನ ವಕಾಲತ್ತು

ಐತಿಹಾಸಿಕ ಕಾದಂಬರಿ ಬರೆದಿದ್ದೇನೆ ಎಂದರೆ ಗದಗದಲ್ಲಿ ಎದುರಾಗುವ ಮೊದಲ ಪ್ರಶ್ನೆ ‘ಯಾವ ರಾಜನ ಮೇಲೆ?’ ಎಂಬುದು. ಕೇಳುವವರದು ತಪ್ಪಲ್ಲ. ಪಕ್ಕದಲ್ಲೇ ಲಕ್ಕುಂಡಿ ಇದೆ. 1007ರಲ್ಲಿ ಅಲ್ಲಿ ಬಸದಿ ಕಟ್ಟಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ಊರೊಳಗೆ ವೀರನಾರಾಯಣನ ಗುಡಿ. ಅಲ್ಲಿಯ ಕಂಬಕ್ಕೆ ಒರಗಿ ಕುಳಿತು ಕುಮಾರವ್ಯಾಸ ಭಾರತ ಬರೆದನೆಂಬ ನಂಬಿಕೆ. ಉತ್ತರಕ್ಕೆ ಹೊರಟರೆ ಇಂಗ್ಲಿಷರ ವಿರುದ್ಧ ಬಂಡೆದ್ದ ನರಗುಂದದ ಬಾಬಾಸಾಹೇಬ. ಇಷ್ಟೆಲ್ಲ ಬಿಟ್ಟು ನಾನು ಹಿಡಿದದ್ದು 1864ರಲ್ಲಿ ಹತ್ತಿ ಹೇರಿಕೊಂಡು ಕುಮಟಾ ಬಂದರಿಗೆ ಹೊರಟ ಒಬ್ಬ ಚಕ್ಕಡಿಯವನನ್ನು. ಅವನ ಹೆಸರು ಯಾವ ಶಾಸನದಲ್ಲೂ ಇಲ್ಲ. ಇಂಗ್ಲಿಷರ ವರದಿಗಳಲ್ಲಿ ಮಾತ್ರ ಅವನಿದ್ದಾನೆ, ಹೆಸರಿಲ್ಲದೆ, ಕಳ್ಳನಾಗಿ.

ನಾನು ಅಡತಿ ಅಂಗಡಿಯಲ್ಲಿ, ಅಂದರೆ ಹತ್ತಿಯ ದಲಾಲಿ ಅಂಗಡಿಯಲ್ಲಿ, ಲೆಕ್ಕ ಬರೆಯುವವನು. ಇತಿಹಾಸವನ್ನು ಓದಿದ್ದು ಪಿಯುಸಿವರೆಗೆ, ಅದೂ ಪರೀಕ್ಷೆಗೆ ಬೇಕಾದಷ್ಟು. ಕಾದಂಬರಿ ಬರೆಯಬೇಕೆಂಬ ಆಸೆ ಮೊದಲಿನಿಂದಲೂ ಇತ್ತು, ವಿಷಯ ಇರಲಿಲ್ಲ. ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರ್‌ನ ಧಾರವಾಡ ಸಂಪುಟ, 1884ರದ್ದು, ಈಗ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ವೃತ್ತಿಯ ಕುತೂಹಲದಿಂದ ಅದರಲ್ಲಿ ಹತ್ತಿಯ ಭಾಗವನ್ನಷ್ಟೇ ತೆರೆದೆ. ಅಲ್ಲಿಂದ ಮುಂದೆ ಒಂದು ವರದಿ ಇನ್ನೊಂದು ವರದಿಗೆ ಕೈ ತೋರಿಸುತ್ತ ಹೋಯಿತು.

ಕತೆಯ ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತಿ ಬೆಳೆಗಾರರನ್ನು ಕರೆಸಿತು. ಹುಬ್ಬಳ್ಳಿ ಬಳಿಯ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ನಡೆಯಿತು. ನ್ಯೂ ಆರ್ಲಿಯನ್ಸ್ ಬೀಜ ನಮ್ಮ ಎರೆ ಭೂಮಿಗೆ ಒಗ್ಗಿ ‘ಧಾರವಾಡ-ಅಮೆರಿಕನ್’ ಎಂಬ ಹೆಸರಿನಲ್ಲಿ ಗದಗ, ನವಲಗುಂದದ ಕಡೆಗೆ ಹಬ್ಬಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಲ್ಯಾಂಕಾಶೈರಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಬರುವುದು ನಿಂತಾಗ ಮುಂಬಯಿಯಲ್ಲಿ ದರ ಮೇಲಕ್ಕೆ ಹಾರಿತು. ದರ ಏರಿದಂತೆ ಕಲಬೆರಕೆಯೂ ಏರಿತು. ಅದನ್ನು ತಡೆಯಲು ಮುಂಬಯಿ ಸರಕಾರ 1863ರಲ್ಲಿ ಒಂದು ಕಾಯಿದೆಯನ್ನೇ ತಂದು ತಪಾಸಣೆಗೆ ಅಧಿಕಾರಿಗಳನ್ನು ನೇಮಿಸಿತು. ಆ ಕಾಲದ ಬರಹಗಳಲ್ಲೆಲ್ಲ ಒಂದೇ ರಾಗ: ರೈತ ಮಣ್ಣು ಸೇರಿಸುತ್ತಾನೆ, ವ್ಯಾಪಾರಿ ಜವಾರಿ ಹತ್ತಿಯನ್ನು ಅಮೆರಿಕನ್ ಹತ್ತಿಯಲ್ಲಿ ಬೆರೆಸುತ್ತಾನೆ, ಗಾಡಿಯವನು ದಾರಿಯಲ್ಲಿ ನೀರು ಹೊಡೆಯುತ್ತಾನೆ.

ಇಲ್ಲಿ ನನ್ನ ಕಿವಿ ನೆಟ್ಟಗಾಯಿತು. ಹತ್ತಿಯ ತೇವ ನೋಡುವುದು ನಮ್ಮಲ್ಲಿ ದಿನದ ಕೆಲಸ. ಹತ್ತಿ ತುಂಬಿದ ಚೀಲದ, ಅಂದರೆ ಅಂಡಿಗೆಯ, ಬಾಯಿ ಬಿಚ್ಚಿ ಮೊಣಕೈವರೆಗೆ ಕೈ ತೂರಿಸಬೇಕು. ಹೊಸದಾಗಿ ನೀರು ಹೊಡೆದ ಹತ್ತಿ ಬೆರಳಿಗೆ ತಣ್ಣಗೆ ಅಂಟುತ್ತದೆ; ಹಳೆಯ ನೀರಾದರೆ ನಡುವೆ ಬೆಚ್ಚಗಿರುತ್ತದೆ, ಮುಗ್ಗಲು ವಾಸನೆ ಹೊಡೆಯುತ್ತದೆ. ಮೇಲಿನ ಹತ್ತಿ ಬಿಳಿಯಾಗಿ ಅರಳಿಕೊಂಡಿದ್ದರೂ ಕೈ ಸುಳ್ಳು ಹೇಳುವುದಿಲ್ಲ. ನೀರು ಹೊಡೆಯುವವರನ್ನು ನಾನು ಬಲ್ಲೆ, ಹೊಡೆಯುವ ಕಾರಣವನ್ನೂ ಬಲ್ಲೆ. ಆದರೆ ಗಾಡಿಯವನು ಏಕೆ ಹೊಡೆಯುತ್ತಾನೆ? ಹತ್ತಿ ಅವನದಲ್ಲ. ಅವನಿಗೆ ಸಿಗುವುದು ಬಾಡಿಗೆ. ತೂಕ ಹೆಚ್ಚಾದರೆ ಲಾಭ ವ್ಯಾಪಾರಿಯದು.

ಲೆಕ್ಕ ಬರೆಯುವವನಿಗೆ ತಾಳೆಯಾಗದ ಬಾಬ್ತು ಸಿಕ್ಕರೆ ರಾತ್ರಿ ನಿದ್ದೆ ಬರುವುದಿಲ್ಲ. ಅವನ ಖರ್ಚು–ಉತ್ಪನ್ನದ ಪಟ್ಟಿ ಹಾಕುತ್ತ ಕುಳಿತೆ. ಮಾರ್ಚ್–ಏಪ್ರಿಲ್ ಬಿಸಿಲಿನಲ್ಲಿ ಹುಬ್ಬಳ್ಳಿಯಿಂದ ಹೊರಟ ಹತ್ತಿ ದಾರಿಯುದ್ದಕ್ಕೂ ಒಣಗುತ್ತದೆ. ಒಣಗಿದರೆ ತೂಕ ಇಳಿಯುತ್ತದೆ. ಕುಮಟಾದಲ್ಲಿ ತೂಗಿ ಕಡಿಮೆ ಬಂದರೆ ‘ನೀನು ದಾರಿಯಲ್ಲಿ ಮಾರಿಕೊಂಡೆ’ ಎಂದು ವ್ಯಾಪಾರಿ ಬಾಡಿಗೆಯಲ್ಲಿ ಮುರಿದುಕೊಂಡರೆ? ಆಗ ಬಂದರಿಗೆ ಮುಟ್ಟುವ ಹಿಂದಿನ ರಾತ್ರಿ ಅವನು ಹಳ್ಳದ ನೀರನ್ನು ಬೊಗಸೆಯಲ್ಲಿ ಚಿಮುಕಿಸುತ್ತಾನೆ. ಇದು ವರದಿಯಲ್ಲಿ ಇಲ್ಲ, ನಾನು ಕಟ್ಟಿದ್ದು. ಕಾದಂಬರಿ ಹುಟ್ಟಿದ್ದು ಆ ಬೊಗಸೆಯಲ್ಲಿ. ರಾಜರಿಗೆ ಹೊಗಳುಭಟರ ಪ್ರಶಸ್ತಿ ಶಾಸನಗಳಿವೆ. ಬಡವನು ಕಾಗದಕ್ಕೆ ಏರುವುದು ಸಾಲಗಾರನಾಗಿ ಇಲ್ಲವೇ ಆರೋಪಿಯಾಗಿ. ಹಾಗಾಗಿ ಆರೋಪ ಇದ್ದಲ್ಲಿ ಕೈಹಾಕುವುದೇ ನನಗೆ ಹೊಂದಿದ ವಿಧಾನ ಎನ್ನಿಸಿತು.

ಕೆಲಸಕ್ಕೆ ನಾನು ಬಳಸಿದ್ದು ಅಂಗಡಿಯ ರೋಕಡಿ ಪುಸ್ತಕದಂಥದೇ ಒಂದು ಉದ್ದನೆಯ ಪುಸ್ತಕ. ಎಡ ಅಂಕಣದಲ್ಲಿ ದಾಖಲೆಯಲ್ಲಿ ಇರುವುದು, ಬಲ ಅಂಕಣದಲ್ಲಿ ನಾನು ಸೇರಿಸಿದ್ದು. ಬಲಗಡೆಯದು ಎಡಗಡೆಯದಕ್ಕೆ ವಿರುದ್ಧ ಹೋಗಕೂಡದು, ಇಷ್ಟೇ ಕಟ್ಟಳೆ. ಎಡಗಡೆ ಖಾಲಿ ಇದ್ದಲ್ಲಿ ಬಲಗಡೆ ಧಾರಾಳವಾಗಿ ಬರೆದೆ. ಮೊದಮೊದಲು ಎಡ ಅಂಕಣ ತುಂಬುವ ಚಟ ಹತ್ತಿತ್ತು. ರವಿವಾರ ಬಂದರೆ ಧಾರವಾಡದ ಗ್ರಂಥಾಲಯಗಳು. ಓದುವುದು ಬರೆಯುವುದಕ್ಕಿಂತ ಸುಖದ ಕೆಲಸ, ಮುಗಿಯುವುದೂ ಇಲ್ಲ. ಚಕ್ಕಡಿಯವನು ಶಿರಸಿಗೆ ಮುಟ್ಟುವವರೆಗೆ ಹೊಸ ಪುಸ್ತಕ ತೆರೆಯುವುದಿಲ್ಲ ಎಂದು ಶಪಥ ಮಾಡಿದ ಮೇಲೆಯೇ ಬರವಣಿಗೆ ಸಾಗಿದ್ದು. ಮಾರುಕಟ್ಟೆಯಲ್ಲಿ ಹಮಾಲರ ಸದ್ದು ಏಳುವ ಮೊದಲು, ಬೆಳಗಿನ ಹೊತ್ತು ಬರೆಯುತ್ತಿದ್ದೆ.

ದಾರಿಯನ್ನು ನಕ್ಷೆಯ ಮೇಲೆ ಅಳೆದೆ. ಹುಬ್ಬಳ್ಳಿಯಿಂದ ಶಿರಸಿ, ದೇವಿಮನೆ ಘಟ್ಟ ಇಳಿದು ಕುಮಟಾ: ಸುಮಾರು 160 ಕಿಲೋಮೀಟರ್. ಹೇರು ತುಂಬಿದ ಚಕ್ಕಡಿ ದಿನಕ್ಕೆ ಹದಿನೈದು–ಹದಿನೆಂಟು ಕಿಲೋಮೀಟರ್ ನಡೆದರೆ ದೊಡ್ಡದು. ಹತ್ತಿ ಬಿಡಿಸುವುದು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ; ಜೂನ್‌ನಲ್ಲಿ ಮಳೆಗಾಲ ಹಿಡಿದರೆ ಪಡುವಣ ಕಡಲಿನಲ್ಲಿ ಹಡಗು ನಡೆಯುವುದಿಲ್ಲ. ಈ ಎರಡರ ನಡುವಿನ ಇಕ್ಕಟ್ಟೇ ನನ್ನ ಕಥಾವಸ್ತುವಿನ ಬೆನ್ನೆಲುಬು. ಬೇರೆ ಖಳನಾಯಕ ಬೇಕಾಗಲಿಲ್ಲ. ತಿರುಗಿ ಬರುವಾಗ ಖಾಲಿ ಬರುವಂತಿಲ್ಲ, ಉಪ್ಪು, ತೆಂಗಿನಕಾಯಿ ಹೇರಬೇಕು. ಉತ್ತರ ಕನ್ನಡ ಜಿಲ್ಲೆ ಮದ್ರಾಸ್ ಆಡಳಿತದಿಂದ ಮುಂಬಯಿಗೆ ಸೇರಿದ್ದೂ 1862ರಲ್ಲೇ, ಹತ್ತಿಗೊಂದು ಒಳ್ಳೆಯ ಬಂದರು ಬೇಕೆಂಬ ಒತ್ತಾಯವೂ ಅದರ ಹಿಂದಿತ್ತು. ಸರಕಾರವೇ ಜಿಲ್ಲೆಯ ಗಡಿಯನ್ನು ಸರಿಸುತ್ತಿದ್ದಾಗ ಘಟ್ಟದ ಮೇಲಿನಿಂದ ಇಳಿಯುವ ಚಕ್ಕಡಿಯ ಗಾಲಿ ಎಷ್ಟು ಬಿಗಿಯಾಗಿ ನೆಲ ಕಚ್ಚಬೇಕು ಎಂಬುದು ನನ್ನವನ ಚಿಂತೆ.

ನರಗುಂದವನ್ನು ಏಕೆ ಬಿಟ್ಟೆ ಎಂದು ಕೇಳಿದವರಿದ್ದಾರೆ. ಪೂರ್ತಿ ಬಿಟ್ಟಿಲ್ಲ. ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದ್ದು 1858ರ ಜೂನ್‌ನಲ್ಲಿ, ನನ್ನ ಕತೆಗೆ ಆರು ವರ್ಷ ಮೊದಲು. ಹಲಗಲಿಯ ಬೇಡರು ತಿರುಗಿಬಿದ್ದದ್ದು 1857ರ ಶಸ್ತ್ರ ಕಾಯಿದೆಯ ವಿರುದ್ಧ. ಆ ಕಾಯಿದೆಯ ಬಾಲ ನನ್ನ ಚಕ್ಕಡಿಯವನವರೆಗೆ ಚಾಚಿದೆ: ಅಪ್ಪ ಒಯ್ಯುತ್ತಿದ್ದ ಭರ್ಚಿ ಈಗ ಮನೆಯಲ್ಲಿಲ್ಲ, ಶಿರಸಿಯ ಕಾಡಿನಲ್ಲಿ ಅವನ ಕೈಯಲ್ಲಿ ಇರುವುದು ಬಾರಕೋಲು ಮಾತ್ರ. ಬಂಡಾಯ ಅಲ್ಲಿ ಅಷ್ಟೇ ಬರುತ್ತದೆ, ಒಂದು ಪುಟದಲ್ಲಿ. ಸುರೇಬಾನದ ಕಾಳಗವನ್ನು ವರ್ಣಿಸುವ ಅಧ್ಯಾಯ ಬೇಕಿತ್ತು ಎನ್ನುವವರು ಅದನ್ನು ಬರೆಯಲಿ, ಓದುತ್ತೇನೆ.

ನನಗೆ ಅತಿ ಕಠಿಣವಾದದ್ದು ಅವನಿಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲದ ಹಾಗೆ ಇಡುವುದು. 1865ರ ಏಪ್ರಿಲ್ 9ರಂದು ವರ್ಜೀನಿಯಾದಲ್ಲಿ, ಅಮೆರಿಕದ ಅಂತರ್ಯುದ್ಧದ ದಕ್ಷಿಣ ಪಕ್ಷದ ಸೇನಾಪತಿ ಲೀ ಶರಣಾದ. ಸರಿಯಾಗಿ ಚಕ್ಕಡಿಗಳು ದಾರಿಯಲ್ಲಿರುವ ಹೊತ್ತು. ಸುದ್ದಿ ಮುಂಬಯಿಗೆ ಮುಟ್ಟಿದ ಮೇಲೆ ದರ ಮುರಿದುಬಿತ್ತು, ಪೇಟೆಯ ದೊಡ್ಡ ದೊಡ್ಡ ಮನೆಗಳು ಮುಳುಗಿದವು. ಇದನ್ನೆಲ್ಲ ಬಲ್ಲ ಲೇಖಕನಿಗೆ ಒಂದು ಪ್ಯಾರಾದಲ್ಲಿ ಹೇಳಿಬಿಡುವ ಆಸೆ ಹುಟ್ಟುತ್ತದೆ. ನನ್ನ ಕಾದಂಬರಿಯಲ್ಲಿ ಯುದ್ಧ ಎಂಬ ಮಾತೇ ಇಲ್ಲ. ಕಳೆದ ವರ್ಷ ಕೈಹಿಡಿದು ಕೂರಿಸಿದ ವ್ಯಾಪಾರಿ ಈ ವರ್ಷ ಅಂಡಿಗೆ ಬಿಚ್ಚಿಯೂ ನೋಡುವುದಿಲ್ಲ; ಚಕ್ಕಡಿಯವನಿಗೆ ಹೊಳೆಯುವ ಕಾರಣ ಒಂದೇ, ತಾನು ಚಿಮುಕಿಸಿದ ನೀರು ಸಿಕ್ಕಿಬಿತ್ತು ಎಂಬುದು. ಹಸ್ತಪ್ರತಿ ಓದಿದ ಗೆಳೆಯರೊಬ್ಬರು ಓದುಗರಿಗಾಗಿ ಅಡಿಟಿಪ್ಪಣಿ ಹಾಕು ಎಂದರು. ಹಾಕಲಿಲ್ಲ. ಅವನ ತಪ್ಪಲ್ಲ ಎಂದು ಓದುಗನಿಗೆ ಗೊತ್ತಿರಬೇಕು, ಅವನಿಗೆ ಗೊತ್ತಿರಬಾರದು. ಅಡಿಟಿಪ್ಪಣಿ ಬಂದರೆ ಆ ನೋವು ಪಾಠವಾಗುತ್ತದೆ.

ಹೆಂಗಸರು ದಾಖಲೆಯಲ್ಲಿ ಇರುವುದು ಕೂಲಿಯ ಬಾಬ್ತಾಗಿ. ಆಗ ಜವಾರಿ ಹತ್ತಿಯಿಂದ ಕಾಳು ಬಿಡಿಸುತ್ತಿದ್ದದ್ದು ಚಪ್ಪಟೆ ಕಲ್ಲಿನ ಮೇಲೆ ಕಬ್ಬಿಣದ ಸರಳನ್ನು ಪಾದದಿಂದ ಉರುಳಿಸಿ. ಅಮೆರಿಕನ್ ಹತ್ತಿಯ ಎಳೆ ಕಾಳಿಗೆ ಬಿಗಿಯಾಗಿ ಕಚ್ಚಿರುತ್ತದೆ. ಸರಳಿಗೆ ಅದು ಬಗ್ಗುವುದಿಲ್ಲ, ಗರಗಸದ ಹಲ್ಲಿನ ಯಂತ್ರ ಬೇಕು. ಇದನ್ನು ಓದಿ ತಿಳಿದರೆ ಸಾಲದು ಎನ್ನಿಸಿ ಬೆಟಗೇರಿಯ ಲೇತ್ ಅಂಗಡಿಯಲ್ಲಿ ಒಂದು ಸರಳು ಮಾಡಿಸಿದೆ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲನ್ನು ತಿಕ್ಕಿ ತೊಳೆದು, ಸಣ್ಣ ಮಣೆಯ ಮೇಲೆ ಕುಳಿತು, ಜವಾರಿ ತಳಿಯ ಜಯಧರ ಹತ್ತಿಯ ಮೇಲೆ ಸರಳು ಉರುಳಿಸಿದೆ. ಕಾಳು ಪಟಕ್ಕನೆ ಮುಂದಕ್ಕೆ ಜಾರಿತು, ಅರಳೆ ಸರಳಿನ ಹಿಂದೆ ತೆಳ್ಳಗೆ ಹಾಸಿಕೊಂಡಿತು. ಈಗಿನ ಹೈಬ್ರಿಡ್ ಹತ್ತಿಯನ್ನು ಇಟ್ಟರೆ ಕಾಳು ಎಳೆಯ ಸಮೇತ ಹೊರಳಿತೇ ಹೊರತು ಬಿಡಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಮೀನಖಂಡ ಹಿಡಿದುಕೊಂಡಿತು. ಹೆಂಡತಿ ಬಾಗಿಲಲ್ಲಿ ನಿಂತು, ‘ದಿನವಿಡೀ ಮಾಡಿದವಳ ಸೊಂಟ ಏನಾಗುತ್ತಿತ್ತು, ಅದನ್ನು ಬರಿ’ ಎಂದಳು. ಅದುವರೆಗೆ ರೊಟ್ಟಿ ಬುತ್ತಿ ಕಟ್ಟಿಕೊಡುವುದಕ್ಕಷ್ಟೇ ಇದ್ದ ಚಕ್ಕಡಿಯವನ ಹೆಂಡತಿಗೆ ಕಾದಂಬರಿಯ ಅರ್ಧ ಭಾಗ ಹೋದದ್ದು ಹೀಗೆ. ಗಂಡ ಹೇರುವ ಅಮೆರಿಕನ್ ಹತ್ತಿಯೇ, ಸರಳು ಬಿಟ್ಟು ಯಂತ್ರಕ್ಕೆ ಹೋಗಿ, ಅವಳ ಕೂಲಿಯನ್ನು ತಿಂದುಹಾಕುತ್ತದೆ.

ಸಣ್ಣಪುಟ್ಟ ವಸ್ತುಗಳಲ್ಲಿ ನಾನು ಜಿಪುಣ. ಅನುಮಾನ ಬಂದದ್ದನ್ನು ತೆಗೆದು, ಅನುಮಾನವಿಲ್ಲದ್ದನ್ನು ಇಟ್ಟೆ. ಬುತ್ತಿಯಲ್ಲಿ ಶೇಂಗಾ ಚಟ್ನಿಯ ಬದಲು ಗುರೆಳ್ಳಿನ ಚಟ್ನಿ, ದೀಪಕ್ಕೆ ಸೀಮೆಎಣ್ಣೆಯ ಬದಲು ಔಡಲೆಣ್ಣೆ, ಚಹಾ ಇಲ್ಲವೇ ಇಲ್ಲ. ಮಾತುಗಾರಿಕೆಯ ಹದಕ್ಕೆ ಇಂಗ್ಲಿಷ್ ಅಧಿಕಾರಿ, ಶಾಸನತಜ್ಞ ಫ್ಲೀಟ್ ಸಾಹೇಬ ಈ ಕಡೆ ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ ಲಾವಣಿಗಳನ್ನು ಗಟ್ಟಿಯಾಗಿ ಓದಿಕೊಂಡೆ. ಸಂಭಾಷಣೆ ನಮ್ಮ ಕಡೆಯ ಮಾತಿನಲ್ಲಿದೆ, ನಿರೂಪಣೆ ಗ್ರಾಂಥಿಕದಲ್ಲಿ. ಇದಕ್ಕೆ ದೊಡ್ಡ ಸಿದ್ಧಾಂತವೇನೂ ಇಲ್ಲ. ಇಡೀ ಪುಸ್ತಕವನ್ನು ಆಡುಮಾತಿನಲ್ಲಿ ಎಳೆಯುವ ಶಕ್ತಿ ನನಗಿರಲಿಲ್ಲ.

ಅಚ್ಚಾದದ್ದು ಗದಗದಲ್ಲೇ, ಇಲ್ಲಿ ಮುದ್ರಣಾಲಯಗಳಿಗೆ ಕೊರತೆಯಿಲ್ಲ. ಹಣ ನನ್ನದೇ. ಪುಸ್ತಕದಂಗಡಿಯೊಂದರಲ್ಲಿ ಹೆಸರು ನೋಡಿ ಅದನ್ನು ಕೃಷಿಯ ಕಪಾಟಿನಲ್ಲಿ, ಸಾವಯವ ಗೊಬ್ಬರದ ಪುಸ್ತಕಗಳ ಪಕ್ಕ ಇಟ್ಟಿದ್ದರು. ಬದಲಿಸಿ ಎನ್ನಲು ಹೋದವನು, ಅಲ್ಲಿ ನಾಲ್ಕಾರು ಪ್ರತಿ ಖರ್ಚಾಗಿವೆ ಎಂದು ತಿಳಿದು ಸುಮ್ಮನೆ ಬಂದೆ. ಮಾರುಕಟ್ಟೆಯ ದಲಾಲರು ಕೊಂಡರು, ಕೆಲವರು ಓದಿದರು. ನಮ್ಮ ಅಂಗಡಿಯ ಮಾಲೀಕರು ಮುಗಿಸಲು ಒಂದು ಸುಗ್ಗಿ ತೆಗೆದುಕೊಂಡರು. ಅವರು ಕೇಳಿದ್ದು ಚಕ್ಕಡಿಯವನ ಬಗ್ಗೆಯೂ ಅಲ್ಲ, ಅವನ ಹೆಂಡತಿಯ ಬಗ್ಗೆಯೂ ಅಲ್ಲ. ‘ಆ ಕುಮಟಾದ ವ್ಯಾಪಾರಿಯ ತೂಕದ ಕಲ್ಲು ನಿಜವಾಗಿಯೂ ಹೆಚ್ಚು ಭಾರವಿತ್ತೇನು?’ ಎಂದರು. ಅದು ಬಲ ಅಂಕಣದ್ದು ಎಂದೆ. ಅವರು ನಂಬಿದಂತೆ ಕಾಣಲಿಲ್ಲ.