ಮೂಳೆಯಲ್ಲಿ ಮೀನಿನ ಗುರುತು ಹುಡುಕುವುದು: ನನ್ನ ಅನುಭವ

ಡೆನ್ಮಾರ್ಕಿನ ಕರಾವಳಿಯಲ್ಲಿ ಬೇಸಾಯ ಬರುವ ಮೊದಲು ಶಿಲಾಯುಗದಲ್ಲಿದ್ದ ಎರ್ಟೆಬೋಲೆ ಜನ ಬೇಟೆಯ ಜೊತೆಗೆ ಸಿಂಪಿ, ಮೀನು, ಸೀಲ್ ತಿಂದು ಬದುಕಿದವರು. ಅವರು ತಿಂದು ಎಸೆದ ಚಿಪ್ಪಿನ ತಿಪ್ಪೆಗಳು ಇಂದಿಗೂ ಇವೆ. ಕ್ರಿ.ಪೂ. 4000ರ ಹೊತ್ತಿಗೆ ಅಲ್ಲಿಗೆ ಗೋಧಿ, ಬಾರ್ಲಿ, ದನಕುರಿ ಬಂದವು. ಆಮೇಲೆ ಕಡಲಿನ ಊಟ ನಿಂತೇ ಹೋಯಿತೇ? ಮೂಳೆಯಲ್ಲಿನ ಐಸೊಟೋಪ್‌ಗಳನ್ನು, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳನ್ನು, ಅಳೆದು ಊಟ ಏನಿತ್ತೆಂದು ತಿಳಿಯುವ ಕೆಲಸಕ್ಕೆ ನಾನು ಇಳಿದದ್ದು ಈ ಪ್ರಶ್ನೆಯ ಬೆನ್ನು ಹತ್ತಿ.

ಇದರಲ್ಲಿ ಮುಕ್ಕಾಲು ಪಾಲು ಕಾಯುವ ಕೆಲಸವೇ. ಮೂಳೆಯ ಮೇಲ್ಪದರ ಉಜ್ಜಿ ತೆಗೆದು, ಅರ್ಧ ಗ್ರಾಂನಷ್ಟು ತುಂಡನ್ನು ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿ ಇಡುತ್ತೇನೆ. ಸಣ್ಣ ಗುಳ್ಳೆಗಳು ಏಳುತ್ತವೆ. ದಿನ ಕಳೆದಂತೆ ಖನಿಜವೆಲ್ಲ ಕರಗಿ, ಆಕಾರ ಹಾಗೇ ಉಳಿದು, ತುಂಡು ಬಾಗುವಷ್ಟು ಮೆತ್ತಗಾಗುತ್ತದೆ. ಅದೇ ಕೊಲಾಜನ್, ಮೂಳೆಯ ಪ್ರೋಟೀನ್. ಚಿಮಟದಲ್ಲಿ ಒತ್ತಿದಾಗ ಒಳಗೆ ಗಟ್ಟಿ ತಗುಲಿದರೆ ಇನ್ನೂ ಬಿಡಬೇಕು. ನಂತರ ಪಿಹೆಚ್ 3ರ ನೀರಿನಲ್ಲಿ, ಸುಮಾರು 70 ಡಿಗ್ರಿಯಲ್ಲಿ ಕರಗಿಸಿ, ಸೋಸಿ, ಫ್ರೀಜ್ ಡ್ರೈ ಮಾಡಿದರೆ ಹತ್ತಿಯಂಥ ಬಿಳಿ ಎಳೆ ಸಿಗುತ್ತದೆ. ಅದನ್ನು ಐಸೊಟೋಪ್ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಕೊಟ್ಟ ಮೇಲೆ ಮೊದಲು ನೋಡುವುದು ಕಾರ್ಬನ್ ಮತ್ತು ನೈಟ್ರೋಜನ್ ಪರಮಾಣುಗಳ ಅನುಪಾತ. ಅದು 2.9ರಿಂದ 3.6ರೊಳಗೆ ಇಲ್ಲದಿದ್ದರೆ ಕೊಲಾಜನ್ ಕೆಟ್ಟಿದೆ ಎಂದರ್ಥ; ಅಂಥ ಮಾದರಿ, ಎಷ್ಟೇ ಅಪರೂಪದ್ದಾಗಿರಲಿ, ನನಗೆ ಬೇಡ.

ಕಾರ್ಬನ್-13 ಎಂದರೆ ಕಾರ್ಬನ್ನಿನ ಭಾರದ ಐಸೊಟೋಪ್; ಒಂದು ನಿಗದಿತ ಮಾನಕಕ್ಕೆ ಹೋಲಿಸಿ, ಸಾವಿರಕ್ಕೆ ಇಷ್ಟು ಎಂದು ಹೇಳುವ ಅದರ ಮೌಲ್ಯ ಮೈನಸ್ 12ರ ಹತ್ತಿರವಿದ್ದರೆ ಪ್ರೋಟೀನ್ ಬಹುಪಾಲು ಕಡಲಿನದು. ಮೈನಸ್ 20, 21 ಆದರೆ ನೆಲದ್ದು. 1981ರಲ್ಲಿ ಹೆನ್ರಿಕ್ ಟೌಬರ್ ಡೆನ್ಮಾರ್ಕಿನ ಮೂಳೆಗಳಲ್ಲಿ, ಬೇಸಾಯ ಬಂದಾಗ ಮೌಲ್ಯ ಕಡಲಿನಿಂದ ನೆಲದ ಕಡೆಗೆ ಬದಲಾದದ್ದನ್ನು ತೋರಿಸಿದರು. 2003ರಲ್ಲಿ ಮೈಕೆಲ್ ರಿಚರ್ಡ್ಸ್ ಮತ್ತು ಸಂಗಡಿಗರು ಬ್ರಿಟನ್ನಿನಲ್ಲೂ ಅದನ್ನೇ ಕಂಡರು.

ಆದರೂ "ರೈತರಾದರು, ಮೀನು ಬಿಟ್ಟರು" ಎಂದು ಬರೆಯಲು ನನಗೆ ಮನಸ್ಸಾಗುವುದಿಲ್ಲ. ಕೊಲಾಜನ್ ಕೊಡುವುದು ಮುಖ್ಯವಾಗಿ ಪ್ರೋಟೀನಿನ ಲೆಕ್ಕ, ಅದೂ ಹಲವು ವರ್ಷಗಳ ಸರಾಸರಿ. ಆಗೊಮ್ಮೆ ಈಗೊಮ್ಮೆ ತಿಂದ ಮೀನು ಅದರಲ್ಲಿ ಕಾಣಿಸದೇ ಹೋಗಬಹುದು. 2011ರಲ್ಲಿ ಆಲಿವರ್ ಕ್ರೇಗ್ ತಂಡ ಪಶ್ಚಿಮ ಬಾಲ್ಟಿಕ್ ಪ್ರದೇಶದ ಮಡಕೆಗಳಲ್ಲಿ ಉಳಿದಿದ್ದ ಜಿಡ್ಡನ್ನು ಪರೀಕ್ಷಿಸಿದಾಗ, ಬೇಸಾಯ ಬಂದ ಮೇಲಿನ ಮಡಕೆಗಳಲ್ಲೂ ಮೀನಿನ ಗುರುತು ಸಿಕ್ಕಿತು. ಹಾಗಾಗಿ ಮೂಳೆ ಕೇಳುವಾಗಲೇ ಅದೇ ಜಾಗದ ಮಡಕೆ ಚೂರು, ಪ್ರಾಣಿಗಳ ಮೂಳೆ ಎರಡನ್ನೂ ಕೇಳಿ ಪಡೆಯುತ್ತೇನೆ.

ಈ ಲೆಕ್ಕವನ್ನು ಕರ್ನಾಟಕಕ್ಕೆ ಹಾಗೇ ತರಲಾಗದು. ರಾಗಿ, ಜೋಳ ಸಿ4 ಸಸ್ಯಗಳು, ಅಂದರೆ ಗೋಧಿ, ಬಾರ್ಲಿಗಿಂತ ಬೇರೆ ಬಗೆಯಲ್ಲಿ ಆಹಾರ ತಯಾರಿಸಿ, ಹೆಚ್ಚು ಕಾರ್ಬನ್-13 ಸೇರಿಸಿಕೊಳ್ಳುವಂಥವು. ಅವನ್ನು ಉಂಡವರ ಮೂಳೆಯಲ್ಲೂ ಕಾರ್ಬನ್ ಮೌಲ್ಯ ಕಡಲಿನ ಕಡೆಗೇ ವಾಲುತ್ತದೆ. ಜೊತೆಗೆ ನೈಟ್ರೋಜನ್ನಿನ ಭಾರದ ಐಸೊಟೋಪ್ ಆದ ನೈಟ್ರೋಜನ್-15 ಇಟ್ಟುಕೊಂಡು ಓದಬೇಕು: ಆಹಾರ ಸರಪಳಿಯ ಒಂದೊಂದು ಮೆಟ್ಟಿಲಿಗೂ ಅದು ಏರುತ್ತದೆ; ಕಡಲಿನ ಸರಪಳಿ ಉದ್ದ, ಮೀನು ತಿಂದವರಲ್ಲಿ ಅದು ಏರಿರುತ್ತದೆ. ನಮ್ಮ ಬಿಸಿಲು, ಮಳೆಗೆ ಕೊಲಾಜನ್ ಉಳಿಯುವುದೂ ಕಷ್ಟ. ಅದಕ್ಕೇ ಕೊಲಾಜನ್ ಉಳಿದಿದೆಯೇ ಎಂದು ತಿಳಿಯಲು ಮೊದಲು ಚಿಟಿಕೆ ಮೂಳೆ ಪುಡಿಯಲ್ಲಿ ನೈಟ್ರೋಜನ್ ಎಷ್ಟಿದೆ ನೋಡಿ, ಆಮೇಲಷ್ಟೇ ಮೂಳೆ ಕತ್ತರಿಸಿ.