ಅಜ್ಜನ ವಾಚು ಸಿಕ್ಕಿದೆಯಾ? ಮೊದಲು ಡಯಲ್ ಉಳಿಸಿಕೊಳ್ಳಿ

ಹಳೇ ಬೀರು ಖಾಲಿ ಮಾಡಿದರೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಒಂದು ಎಚ್‌ಎಂಟಿ ಸಿಗುತ್ತದೆ. ನಮಗೆ ಸಿಕ್ಕಿದ್ದು ಅಜ್ಜನ ಜನತಾ ಮಾಡೆಲ್. ಪಹಣಿ ಕಾಗದಗಳ ಕೆಳಗೆ, ಬಿಸ್ಕತ್ತಿನ ಡಬ್ಬಿಯಲ್ಲಿ, ಬೆಲ್ಟ್ ಇಲ್ಲದೆ ಬಿದ್ದಿತ್ತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಶುರುವಾಯಿತು, 2016ರಲ್ಲಿ ಕೇಂದ್ರ ಸರ್ಕಾರ ಆ ವಾಚ್ ಕಂಪನಿಯನ್ನು ಮುಚ್ಚುವ ತೀರ್ಮಾನ ಮಾಡಿತು. ಆದರೆ ವಾಚುಗಳು ಎಲ್ಲಿ ಹೋಗುತ್ತವೆ? ಕೀ ಕೊಡುವ ಮಷೀನು, ಹಳೇ ರಿಪೇರಿಯವರಿಗೆ ಚೆನ್ನಾಗಿ ಗೊತ್ತು, ಬಿಡಿಭಾಗವೂ ಸಿಗುತ್ತದೆ. ಬಹಳಷ್ಟು ವಾಚುಗಳನ್ನು ಮತ್ತೆ ಓಡಿಸಬಹುದು.

ಸಿಕ್ಕ ಖುಷಿಯಲ್ಲಿ ಜೋರಾಗಿ ಕೀ ತಿರುಗಿಸಬೇಡಿ. ನಿಧಾನವಾಗಿ ನಾಲ್ಕೈದು ಸುತ್ತು ಕೊಟ್ಟು ಬೆರಳಿಗೆ ಏನು ಗೊತ್ತಾಗುತ್ತದೆ ನೋಡಿ. ಆಗಲೇ ಬಿಗಿಯಾಗಿದ್ದು ವಾಚು ಓಡದಿದ್ದರೆ ಸ್ಪ್ರಿಂಗ್ ತುಂಬಿಕೊಂಡೇ ಇದೆ, ಒಳಗಿನ ಎಣ್ಣೆ ಒಣಗಿ ಅಂಟಾಗಿರುತ್ತದೆ. "ಕೀ ಜಾಸ್ತಿ ಕೊಟ್ಟು ಹಾಳಾಯ್ತು" ಅಂತ ಮನೆಯಲ್ಲಿ ಹೇಳುತ್ತಾರಲ್ಲ, ಹೆಚ್ಚಿನ ಸಲ ಕಾರಣ ಈ ಒಣಗಿದ ಎಣ್ಣೆ. ಎಷ್ಟು ತಿರುಗಿಸಿದರೂ ಬಿಗಿಯೇ ಆಗದಿದ್ದರೆ ಸ್ಪ್ರಿಂಗ್ ತುಂಡಾಗಿರಬಹುದು. (ಕೈ ಅಲುಗಿದಾಗ ತಾನೇ ಕೀ ತುಂಬಿಕೊಳ್ಳುವ, ಕಾಂಚನ್ ಥರದ ಆಟೋಮ್ಯಾಟಿಕ್ ವಾಚಿಗೆ ಈ ಲೆಕ್ಕ ಬೇರೆ.) ಓಡಿದರೂ ಸಂತೋಷಪಟ್ಟು ದಿನವೂ ಕಟ್ಟಿಕೊಳ್ಳಬೇಡಿ. ಎಣ್ಣೆ ಇಲ್ಲದೆ ಓಡಿದರೆ ಚಕ್ರದ ಸಣ್ಣ ಮೊನೆಗಳು ಸವೆಯುತ್ತವೆ. ಸರ್ವಿಸ್ ಆಗುವ ತನಕ ಎತ್ತಿಡಿ.

ಮನೆಯಲ್ಲೇ ಮಾಡಬಹುದಾದ ಕೆಲಸ ಹೊರಮೈದು ಮಾತ್ರ. ಬೆಲ್ಟ್ ಕೂರುವ ಸಂದಿಯಲ್ಲಿ ಬೆವರು, ಧೂಳು ಸೇರಿ ಗಟ್ಟಿ ಕೊಳೆ ಕೂತಿರುತ್ತದೆ, ಹಲ್ಲುಕಡ್ಡಿಯಿಂದ ಕೆರೆದು ತೆಗೆಯಿರಿ. ನೀರಿನಲ್ಲಿ ಅದ್ದಬೇಡಿ, ಕೀ ಹತ್ತಿರ ಒದ್ದೆ ಬಟ್ಟೆಯನ್ನೂ ತರಬೇಡಿ. ಹಳೇ ಜನತಾದ ಗಾಜು ನಿಜವಾಗಿ ಗಾಜಲ್ಲ, ಪ್ಲಾಸ್ಟಿಕ್. ಹಾಗಾಗಿ ಸಣ್ಣ ಗೀರು ಹೋಗುತ್ತದೆ: ಮೆತ್ತನೆ ಹತ್ತಿ ಬಟ್ಟೆಗೆ ಕಡಲೆಕಾಳಿನಷ್ಟು ಬಿಳಿ ಟೂತ್‌ಪೇಸ್ಟ್ (ಜೆಲ್ ಅಲ್ಲ) ಹಚ್ಚಿ, ಹಗುರವಾಗಿ ಸುತ್ತು ಸುತ್ತಾಗಿ ಹತ್ತು ನಿಮಿಷ ಉಜ್ಜಿ. ಮೊದಲು ಮಬ್ಬಾಗುತ್ತದೆ, ಗಾಬರಿ ಬೇಡ. ಒರೆಸಿ ಇನ್ನೊಂದು ಸಲ ಉಜ್ಜಿದಾಗ ಅಂಕಿಗಳು ತಿಳಿಯಾಗಿ ಕಾಣಿಸುತ್ತವೆ. ಅಜ್ಜನ ಜನತಾದಲ್ಲಿ ಹನ್ನೆರಡರ ಮೇಲಿನ ಒಂದು ಆಳವಾದ ಗೀರು ಹಾಗೇ ಉಳಿಯಿತು. ಗಾಜು ಬದಲಾಯಿಸಲು ಜಾಸ್ತಿ ಖರ್ಚಿಲ್ಲ, ಆದರೂ ನಾನು ಬದಲಾಯಿಸಲಿಲ್ಲ.

ಕೇಸ್ ಮೇಲಿನ ಲೇಪ ಸವೆದು ಒಳಗಿನ ಹಿತ್ತಾಳೆ ಹಳದಿಯಾಗಿ ಕಾಣುತ್ತಿದ್ದರೆ ಅಲ್ಲಿ ಉಜ್ಜಲೇಬೇಡಿ, ಉಳಿದ ಲೇಪವೂ ಹೋಗುತ್ತದೆ.

ಈಗ ಮುಖ್ಯ ವಿಷಯ. ಅಂಗಡಿಗೆ ಕೊಡುವಾಗ ಬಾಯಿಬಿಟ್ಟು ಹೇಳಬೇಕು: "ಡಯಲ್ ಮುಟ್ಟಬೇಡಿ, ಬಣ್ಣ ಹೊಡೆಯಬೇಡಿ, ಬದಲಾಯಿಸಬೇಡಿ." ಅಮ್ಮನ ಸುಜಾತಾ ವಾಚನ್ನು ನಾನು ಹೀಗೆ ಹೇಳದೆ ಒಂದು ಅಂಗಡಿಗೆ ಕೊಟ್ಟಿದ್ದೆ. ವಾರ ಬಿಟ್ಟು ಹೋದರೆ ಹೊಳೆಯುವ ಹೊಸ ಡಯಲ್ ಕೂತಿತ್ತು, ಅಕ್ಷರಗಳು ದಪ್ಪ, ಗೆರೆ ಸೊಟ್ಟ. ಹಳೆಯದು ಎಲ್ಲಿ ಅಂತ ಕೇಳಿದರೆ ಬಿಸಾಕಿದ್ದೇವೆ ಅಂದರು. ಅಮ್ಮ ಏನೂ ಅನ್ನಲಿಲ್ಲ, ವಾಚನ್ನು ಒಂದು ಸಲ ನೋಡಿ ಡಬ್ಬಿಗೆ ಹಾಕಿದರು. ಆ ಮಾಸಲು ಡಯಲ್ ನೋಡಿಯೇ ಅವರು ಇಪ್ಪತ್ತು ವರ್ಷ ಬಸ್ಸು ಹಿಡಿದದ್ದು, ಅಲ್ವಾ? ಈಗ ನಾನು ಕೊಡುವ ಮೊದಲು ಡಯಲ್, ಮುಳ್ಳು, ಕೀ, ಹಿಂಬದಿ ಎಲ್ಲದರ ಫೋಟೋ ತೆಗೆದುಕೊಳ್ಳುತ್ತೇನೆ, ಬದಲಾಯಿಸಿದ ಭಾಗ ವಾಪಸ್ ಕೊಡಿ ಅಂತ ಚೀಟಿಯಲ್ಲೇ ಬರೆಸುತ್ತೇನೆ.

ಇನ್ನೊಂದು ಎಚ್ಚರಿಕೆ. ಕತ್ತಲಲ್ಲಿ ಹೊಳೆಯುವ ಬಣ್ಣಕ್ಕೆಲ್ಲ ನಾವು ರೇಡಿಯಂ ಅಂತೀವಿ. ಆದರೆ 1960ರ ದಶಕಕ್ಕೂ ಹಿಂದಿನ ಕೆಲವು ವಿದೇಶಿ ವಾಚುಗಳಲ್ಲಿ ಇರುವುದು ವಿಕಿರಣ ಸೂಸುವ ನಿಜವಾದ ರೇಡಿಯಂ. ಅಂಥದ್ದನ್ನು ಮನೆಯಲ್ಲಿ ಬಿಚ್ಚಬೇಡಿ, ಆ ಪುಡಿ ಕೆರೆಯಬೇಡಿ. ಕ್ವಾರ್ಟ್ಜ್ ವಾಚು ಸಿಕ್ಕರೆ ಹಳೇ ಸೆಲ್ ಮೊದಲು ತೆಗೆಸಿ, ಸೋರಿದರೆ ಒಳಗೆಲ್ಲ ತುಕ್ಕು.

ಸರ್ವಿಸ್ ಅಂದರೆ ಪೂರ್ತಿ ಬಿಚ್ಚಿ, ತೊಳೆದು, ಹೊಸ ಎಣ್ಣೆ ಹಾಕಿ ಜೋಡಿಸುವುದು. ಸುಮ್ನೆ ಹಿಂಬದಿ ತೆಗೆದು ಒಂದು ತೊಟ್ಟು ಎಣ್ಣೆ ಬಿಡುವವರಿಗೆ ಕೊಡಬೇಡಿ. ಬಂದ ಮೇಲೆ ಒಂದು ದಿನ ಫೋನಿನ ಸಮಯದ ಜೊತೆ ಹೋಲಿಸಿ. ದಿನಕ್ಕೆ ಅರ್ಧ ನಿಮಿಷ ಆಚೀಚೆ ಆದರೆ ಈ ವಯಸ್ಸಿನ ವಾಚಿಗೆ ಚೆನ್ನಾಗೇ ಇದೆ. ಗಂಟೆಗೆ ನಿಮಿಷಗಟ್ಟಲೆ ಮುಂದೆ ಓಡಿದರೆ ಅಯಸ್ಕಾಂತ ಹಿಡಿದಿರಬಹುದು, ಅಂಗಡಿಯಲ್ಲಿ ಅದನ್ನು ಬಿಡಿಸಲು ಅರೆ ನಿಮಿಷ ಸಾಕು.

ರಿಪೇರಿಯವರು ಹಿಂಬದಿ ಮುಚ್ಚಳ ತೆಗೆದಾಗ ಅದರ ಒಳಮೈಯನ್ನು ಒಮ್ಮೆ ತೋರಿಸಲು ಕೇಳಿ. ಹಿಂದೆ ಸರ್ವಿಸ್ ಮಾಡಿದವರು ಸೂಜಿಯಲ್ಲಿ ಗೀಚಿ ಗುರುತು ಹಾಕುತ್ತಿದ್ದರು. ಅಜ್ಜನ ವಾಚಿನಲ್ಲಿ ಅಂಥ ಮೂರು ಗುರುತು ಇದ್ದವು, ಮೂರೂ ಬೇರೆ ಬೇರೆ ಕೈಬರಹ. ನಮ್ಮ ರಿಪೇರಿಯವರು ಭೂತಗನ್ನಡಿ ನನ್ನ ಕೈಗೆ ಕೊಟ್ಟು, ಅದರ ಪಕ್ಕದಲ್ಲೇ ನಾಲ್ಕನೆಯದನ್ನು ಗೀಚಿದರು.